ಹೂಳು

ಕೆರೆಯೆಂದೇ ಕರೆಯುತ್ತೇನೆ ನಾನು, ಅಭ್ಯಾಸ.
ಏರಿಯಿಲ್ಲ, ತೂಬಿಲ್ಲ, ಕಟ್ಟಿಸಿದವರ ಹೆಸರಿನ ಶಾಸನವಿಲ್ಲ.
ಹಿಮದ ರಾಶಿಯೊಂದು ಹೊರಡುವಾಗ ಮರೆತು ಬಿಟ್ಟ
ಗುಂಡಿ; ಅದರಲ್ಲಿ ನೀರು.
ಮಿನೆಸೋಟಾದ ಆಟರ್‌ಟೇಲ್ ಕೌಂಟಿಯ ನಕ್ಷೆಯಲ್ಲಿ ಬರಿ ನೀಲಿ ಚುಕ್ಕೆ,
ಸುತ್ತಲವರ ಬಾಯಲ್ಲಿ ಆಮೊಟ್ಟರ ಕೆರೆ.

ಫೆಬ್ರವರಿ. ಮೈನಸ್ ಇಪ್ಪತ್ತಾರು.
ಎರಡಡಿ ಮಂಜುಗಡ್ಡೆಯ ಮೇಲೆ ಪಿಕಪ್ ನಿಲ್ಲಿಸಿ
ತೂತು ಕೊರೆದು ಕೊಳವೆ ಇಳಿಸಿದೆವು.
ಬೋರ್‌ವೆಲ್ ಲಾರಿಯ ಸುತ್ತ ನೆರೆದ ಊರಿನ ಹಾಗೆ
ನಾವು ನಾಲ್ಕೇ ಜನ, ಬಗ್ಗಿ ನೋಡುತ್ತ.
ಬೇಕಾದದ್ದು ನೀರಲ್ಲ, ಹೂಳು.

ಮೊದಲ ಗೇಣು ಕೈಗೆ ನಿಲ್ಲಲಿಲ್ಲ.
ತೆಳು ಗಂಜಿ; ರೋಡ್ನಿಯ ಬೂಟಿನ ಮೇಲೆ ಚೆಲ್ಲಿ
ನೋಡನೋಡುತ್ತ ಹೆಪ್ಪುಗಟ್ಟಿತು.
"ಹೋಯಿತು ನಮ್ಮ ಕಾಲ," ಅಂದ. ಥರ್ಮಾಸಿನ ಕಾಫಿ ಕುಡಿದೆವು.
ಅದರ ಕೆಳಗಿನದೆಲ್ಲ ಗಟ್ಟಿ, ಕಪ್ಪು,
ಎರೆಮಣ್ಣಿನಂತೆ ಹೊಳೆಯುತ್ತ ಒಂಬತ್ತು ಮೀಟರು.

*

ಕಲ್ಲನ್ನೂ ಗಾಜನ್ನೂ ತಿನ್ನುವ ಆಮ್ಲಕ್ಕೆ
ಪರಾಗದ ಸಿಪ್ಪೆ ಮಾತ್ರ ಬಗ್ಗುವುದಿಲ್ಲ.
ಹನ್ನೊಂದು ಸಾವಿರ ವರ್ಷದ ಹಿಂದೆ
ಹೆಣ್ಣುಹೂವು ಸಿಗದೆ ನೀರಿಗೆ ಬಿದ್ದದ್ದು
ಹಾಗೇ ಇದೆ, ಬಾಸಿಂಗ ಬಿಚ್ಚದ ಮದುವೆಗಂಡು.

ಎಣಿಸುತ್ತೇನೆ. ಎಡಗೈ ಕೌಂಟರಿನ ಮೇಲೆ, ಟಿಕ್.
ತಳದಲ್ಲಿ ಸ್ಪ್ರೂಸ್, ಬರಿ ಸ್ಪ್ರೂಸ್, ಚಳಿಯ ಕಾಲ.
ಆಮೇಲೆ ಪೈನ್: ಎರಡು ಬದಿಗೂ ಸೋರೆಬುರುಡೆ ಕಟ್ಟಿಕೊಂಡು
ಬಾವಿಯಲ್ಲಿ ಈಜು ಕಲಿಯುವ ಹುಡುಗ.
ಐದು ಮೀಟರಿನಲ್ಲಿ ಮರಗಳೇ ಕಾಣೆ. ಹುಲ್ಲು, ಹುಲ್ಲು,
ಒಂದೊಂದಕ್ಕೂ ಒಂದೇ ಕಣ್ಣು.
ಮೂರು ಸಾವಿರ ವರ್ಷ ಮಳೆ ಈ ದಾರಿ ಮರೆತಿತ್ತು;
ನನಗದು ಒಂದು ಮಧ್ಯಾಹ್ನ, ಒಂದು ಡಬ್ಬಿ ಮೊಸರನ್ನ.
ಮತ್ತೆ ಓಕ್, ಎಲ್ಮ್, ಸಂಕೋಚಪಡುತ್ತ ಬಂದವು.

ಅರುವತ್ತೆರಡನೆಯ ಸೆಂಟಿಮೀಟರಿನಲ್ಲಿ
ಉಮ್ಮತ್ತಿಕಾಯಿ!
ಅಲ್ಲ, ಅದರ ಹಾಗೆ ಮೈತುಂಬ ಮುಳ್ಳಿನ ಪುಟ್ಟ ಉಂಡೆ,
ಒಂದಲ್ಲ ಎರಡಲ್ಲ, ಸಂತೆ.
ರ‍್ಯಾಗ್‌ವೀಡ್. ಉತ್ತ ನೆಲದ ಕಳೆ.
ಓಕ್ ಅದೇ ಗೆರೆಯಲ್ಲಿ ಮುಗ್ಗರಿಸುತ್ತದೆ.
ಶಾಸ್ತ್ರದಲ್ಲಿ ಇದಕ್ಕೆ ಆಂಬ್ರೋಸಿಯ ಎಂದು ಹೆಸರು, ದೇವತೆಗಳ ಅಮೃತ.
ಹೆಸರಿಟ್ಟವನಿಗೆ ಸೀನು ಬರುತ್ತಿರಲಿಲ್ಲವೇನೋ.

ನಮ್ಮ ಕಾಂಗ್ರೆಸ್ ಗಿಡ ಇದರ ದಾಯಾದಿ.
ಅಮೆರಿಕದ ಗೋಧಿಚೀಲದಲ್ಲಿ ಬಂತೆಂದು ಬೈಯುತ್ತಿದ್ದ ಅಪ್ಪ,
ತಿಪಟೂರಿನ ರೇಷನ್ ಡಿಪೋದಲ್ಲಿ ಅದೇ ಗೋಧಿ ತೂಗುತ್ತ,
ಸೀನುತ್ತ,
ಮತ್ತೆ ಮೊದಲಿಂದ ತೂಗುತ್ತ.

*

ಬೋರ್ಗಿಲ್ಡ್ ಆಮೊಟ್ ಏಪ್ರಿಲಿನಲ್ಲಿ ಬಂದಳು.
ವಯಸ್ಸು ಎಂಬತ್ತೊಂದು, ಕೈಯಲ್ಲಿ ಆಲೂಗಡ್ಡೆ ರೊಟ್ಟಿಯ ಪೊಟ್ಟಣ.
"ನನ್ನ ಮುತ್ತಜ್ಜ ಎಲ್ಲಿದ್ದಾನೆ ಇದರಲ್ಲಿ?"
ತೋರಿಸಿದೆ. ಬಣ್ಣ ಬದಲಾಗುವ ಗೆರೆ, ಉಗುರಿನಷ್ಟು ದಪ್ಪ.
ಎಂಟು ಎತ್ತು, ಒಂದು ನೇಗಿಲು, ಮನೆಯಲ್ಲಿ ಫೋಟೋ ಇದೆಯಂತೆ.
ಸೂಕ್ಷ್ಮದರ್ಶಕಕ್ಕೆ ಬಹಳ ಹೊತ್ತು ಕಣ್ಣಿಟ್ಟಳು.
"ಅವನು ಬಿತ್ತಿದ್ದು ಗೋಧಿ," ಅಂದಳು.
ಗೋಧಿಯ ಪರಾಗ ದೂರ ಹಾರುವುದಿಲ್ಲ, ಅಂದೆ.

"ಅವನಿಗೆ ಮುಂಚೆ?"
ಮೇಜಿನ ಆ ತುದಿಯವರೆಗೆ ಕಪ್ಪನ್ನು ಕೈಮಾಡಿ ತೋರಿದೆ.
ನೀರಲ್ಲೇ ಬೆಳೆವ ಅಕ್ಕಿಯನ್ನು ದೋಣಿಯೊಳಗೆ ಬಡಿದುಕೊಂಡು
ಹೋದವರು ಇದ್ದರು, ಬಹಳ ಕಾಲ.
ಅವರ ಅಕ್ಕಿಗೂ ಒಂದೇ ಕಣ್ಣು.
ನನ್ನ ಹಾಳೆಯಲ್ಲಿ ಅದೂ ಹುಲ್ಲು ಎಂದೇ ಬರೆದಿದೆ.
ಅವಳು ಕೋಟಿನ ಗುಂಡಿ ಹಾಕಿಕೊಂಡಳು, ಮೇಲಿನಿಂದ ಕೆಳಗೆ, ನಿಧಾನ.

ರೊಟ್ಟಿ ಮೆತ್ತಗಿತ್ತು, ಉಪ್ಪು ಸಾಲದು.
ಮುನ್ನೂರಾಗಲು ಇನ್ನು ಒಂಬತ್ತು ಕಣ.
ಹೊರಗೆ ಎಲ್ಮ್ ಹೂಬಿಟ್ಟಿದೆ;
ಈ ವರ್ಷದ್ದು ಒಳಗೆ ಬಂದರೆ ಲೆಕ್ಕ ಕೆಡುತ್ತದೆ.
ಎದ್ದು, ಕಿಟಕಿ ಮುಚ್ಚಿ ಬಂದೆ.